‘ಕಳಿಸಬಹುದು’, ‘ಕಳಿಸಬೇಕು’: ಮಹಿಳಾ ಬ್ಯಾರಕ್‌ನಲ್ಲಿ ನಾನು ಕಲಿತದ್ದು

ನಮ್ಮ ಜಿಲ್ಲಾ ಕಾರಾಗೃಹದಲ್ಲಿ ಸಂಜೆ ಆರಕ್ಕೆ ಲೆಕ್ಕ ಮುಗಿಸಿ ಬ್ಯಾರಕ್‌ಗಳಿಗೆ ಬೀಗ ಹಾಕುತ್ತಾರೆ. ನಮ್ಮ ತಂಡ ಹೋಗುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ, ಬೆಳಗ್ಗೆ ಹನ್ನೊಂದರಿಂದ ಒಂದರವರೆಗೆ. ಎದೆ ಹಿಂಡಿದಂತಾಗುವುದು, ಗೋಡೆಗೆ ತಲೆ ಚಚ್ಚಿಕೊಳ್ಳುವುದು, ಯಾರೋ ಕರೆದ ಹಾಗೆ ಎದ್ದು ಕೂರುವುದು, ಇವೆಲ್ಲ ನಡೆಯುತ್ತಿದ್ದದ್ದು ಬೀಗ ಬಿದ್ದ ಮೇಲೆ. ಮೊದಲ ಒಂದು ವರ್ಷ ನನಗೆ ಇದು ಹೊಳೆದೇ ಇರಲಿಲ್ಲ. ಹಗಲು ನೋಡಿದಾಗ ಎಲ್ಲರೂ ‘ಆರಾಮ ಅದೀನ್ರಿ’ ಎನ್ನುತ್ತಿದ್ದರು, ನಾನು ಹಾಗೇ ಬರೆದುಕೊಂಡು ಬರುತ್ತಿದ್ದೆ.

ನಾನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಸಮಾಜ ಕಾರ್ಯಕರ್ತೆ. ಊರು ಉತ್ತರ ಕರ್ನಾಟಕದ್ದು, ಹೆಸರು ಬೇಡ. (ಈ ಕಾರ್ಯಕ್ರಮಕ್ಕೆ ದೇಶಕ್ಕೇ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ. ನಮ್ಮ ಕಡೆಯವರು ಇದನ್ನು ಹೇಳದೆ ಬಿಡುವುದಿಲ್ಲ.) ದೇಶದ ಕೈದಿಗಳಲ್ಲಿ ಹೆಂಗಸರು ನೂರಕ್ಕೆ ನಾಲ್ಕರಷ್ಟು. ನಮ್ಮಲ್ಲೂ ನಾನೂರು ಗಂಡಸರಿಗೆ ಹದಿನೆಂಟು ಹೆಂಗಸರು. ಹಿಂದಿನ ಗೋಡೆಗೆ ತಾಗಿದ ಎರಡು ಕೋಣೆ, ಒಂದು ಬೇವಿನ ಮರ, ಒಂದು ನಲ್ಲಿ. ಆಸ್ಪತ್ರೆ, ಔಷಧಿ ಕೋಣೆ, ಡಾಕ್ಟರ ಕುರ್ಚಿ ಎಲ್ಲ ಗಂಡಸರ ಕಡೆ. ನಮ್ಮ ಹತ್ತಿರ ಬರಬೇಕೆಂದರೆ ಹೆಣ್ಣುಮಗಳು ವಾರ್ಡರ್ ಹಿಂದೆ ಗಂಡಸರ ಬ್ಯಾರಕ್ ದಾಟಿಕೊಂಡು, ಅವರ ಸೀಟಿ ಕೇಳಿಸಿಕೊಂಡು ಬರಬೇಕು. ‘ಬರಾಂಗಿಲ್ಲ’ ಅಂದರೆ ನಮ್ಮ ಪುಸ್ತಕದಲ್ಲಿ ‘ರೋಗಿ ನಿರಾಕರಿಸಿದರು’ ಎಂದು ಬೀಳುತ್ತಿತ್ತು.

ನನ್ನ ಕಣ್ಣು ತೆರೆಸಿದ್ದು ಒಬ್ಬ ಬಾಣಂತಿ. ವಯಸ್ಸು ಇಪ್ಪತ್ತನಾಲ್ಕೋ ಏನೋ. ವಾರಗಿತ್ತಿಯ ಸಾವಿನ ಕೇಸಿನಲ್ಲಿ ಗಂಡ, ಅತ್ತೆ, ಮಾವ ಎಲ್ಲ ಒಳಗೆ. ಹಾಗಾಗಿ ಹೊರಗಿನಿಂದ ನೋಡಲು ಬರುವವರು ಒಬ್ಬರೂ ಇಲ್ಲ. ಕಂಕುಳಲ್ಲಿ ಐದು ವಾರದ ಕೂಸು. ನಾನು ಹೋದಾಗ ಮರದ ಕೆಳಗೆ ಕೂತಿದ್ದಳು, ಕೂಸು ಇನ್ನೊಬ್ಬಳ ತೊಡೆಯ ಮೇಲಿತ್ತು. ವಾರ್ಡರ್ ಪಿಸುಗುಟ್ಟಿದರು: ‘ನಾಟಕ ಮೇಡಂ, ಬೇಲ್ ಸಲುವಾಗಿ.’ ಎರಡು ವರ್ಷದಿಂದ ವಿಚಾರಣೆಯಲ್ಲಿದ್ದ ಹಿರಿಯ ಹೆಂಗಸೊಬ್ಬಳು ಮಾತ್ರ ನನ್ನ ಕೈ ಹಿಡಿದು ಹೇಳಿದಳು: ‘ಯಕ್ಕಾ, ಮೂರು ರಾತ್ರಿ ಆತು, ಕಣ್ಣು ಮುಚ್ಚಿಲ್ಲ. ಹಾಲಿನ್ಯಾಗ ಏನೋ ಹಾಕ್ಯಾರ ಅಂತಾಳ, ಕೂಸಿಗೆ ಕುಡಿಸವಲ್ಲಳು.’

ಹೆರಿಗೆಯಾದ ಮೊದಲ ವಾರಗಳಲ್ಲಿ ನಿದ್ದೆ ಹಾರಿಹೋಗಿ, ಸಂಶಯ ಹತ್ತಿಕೊಂಡು, ಗಳಿಗೆಗೊಂದು ಥರ ಆದರೆ ಅದು ಬಾಣಂತಿ ಸನ್ನಿ. ಸಾವಿರ ಹೆರಿಗೆಗೆ ಒಂದೋ ಎರಡೋ ಕಾಣುವ ಕಾಯಿಲೆ. ಆದರೆ ಬಂತೆಂದರೆ ತಾಯಿ, ಕೂಸು ಇಬ್ಬರ ಜೀವಕ್ಕೂ ಅಪಾಯ, ಕಾಯುವ ಹಾಗಿಲ್ಲ. ಜೈಲು ಡಾಕ್ಟರು ಅದೇ ಮಧ್ಯಾಹ್ನ ಪತ್ರ ಬರೆದರು: ‘ಮನೋವೈದ್ಯರ ಅಭಿಪ್ರಾಯಕ್ಕಾಗಿ ಹೊರಗಿನ ಆಸ್ಪತ್ರೆಗೆ ಕಳಿಸಬಹುದು.’

ಕಳಿಸಬಹುದು ಎಂದರೆ ಕಳಿಸದೆಯೂ ಇರಬಹುದು. ಪತ್ರ ಕಚೇರಿಗೆ ಹೋಯಿತು, ಕಚೇರಿಯಿಂದ ಎಸ್ಕಾರ್ಟ್ ಕೇಳಿ ಪೊಲೀಸರಿಗೆ ಹೋಯಿತು. ಹೆಂಗಸನ್ನು ಹೊರಗೆ ಒಯ್ಯಲು ಮಹಿಳಾ ಪೇದೆ ಬೇಕೇ ಬೇಕು, ಆ ವಾರ ಇದ್ದಬಿದ್ದವರೆಲ್ಲ ಜಾತ್ರೆಯ ಬಂದೋಬಸ್ತಿಗೆ ಹೋಗಿದ್ದರು. ‘ಲಭ್ಯವಾದಾಗ ಒದಗಿಸಲಾಗುವುದು’ ಎಂಬ ಉತ್ತರ ಬಂತು. ಮರುದಿನ ರಾತ್ರಿ ಎರಡಕ್ಕೆ ಆಕೆ ಕೂಸನ್ನೆತ್ತಿಕೊಂಡು ಬ್ಯಾರಕ್‌ನೊಳಗಿನ ಬಚ್ಚಲಿನತ್ತ ನಡೆದಳು. ಮಲಗಿದಂತೆ ನಟಿಸುತ್ತಿದ್ದ ಆ ಹಿರಿಯ ಹೆಂಗಸು ಎದ್ದು ಅಡ್ಡ ನಿಂತಳು. ರಾತ್ರಿ ಪಾಳಿಯ ವಾರ್ಡರ್‌ಗೆ ಹೊಳೆದ ಉಪಾಯ ಒಂದೇ: ಕೂಸನ್ನು ಬೇರೆ ಮಾಡಿ, ಬಾಣಂತಿಯನ್ನು ಒಂಟಿ ಸೆಲ್‌ನಲ್ಲಿಡುವುದು. ಬೆಳಗ್ಗೆ ನಾನು ನೋಡಿದಾಗ ಆಕೆಯ ರವಿಕೆ ಎದೆಹಾಲಿಗೆ ತೊಯ್ದಿತ್ತು. ಕಂಬಿ ಹಿಡಿದು ‘ಕೂಸು ಎಲ್ಲೈತಿ’ ಅಂತ ಒಂದೇ ಸಮ ಕೇಳುತ್ತಿದ್ದಳು. ವಾರ್ಡರ್‌ಳನ್ನು ನಾನು ಬೈಯಲಿಲ್ಲ. ಬೇರೆ ಏನು ಮಾಡಬೇಕೆಂದು ಆಕೆಗೆ ನಾವು ಯಾವತ್ತೂ ಹೇಳಿಕೊಟ್ಟಿರಲಿಲ್ಲ.

ಅಂದು ನಮ್ಮ ಮನೋವೈದ್ಯರು ಬರೆದುಕೊಟ್ಟ ಪತ್ರ ನಾಲ್ಕೇ ಸಾಲು. ಕಾಯಿಲೆ ಇದು. ಇಂದು ಸಂಜೆಯೊಳಗೆ ದಾಖಲಾಗದಿದ್ದರೆ ಇಬ್ಬರ ಜೀವಕ್ಕೂ ಅಪಾಯವಿದೆ. ಇಂಥ ವಾರ್ಡಿನಲ್ಲಿ ಹಾಸಿಗೆ ಕಾಯ್ದಿರಿಸಿದೆ. ಕೂಸನ್ನೂ ಜೊತೆಗೇ ಕಳಿಸಬೇಕು. ಕೆಳಗೆ ಕಲಂ ನಮೂದಿಸಿದರು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 103ನೇ ಕಲಂ ಪ್ರಕಾರ, ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮನೋರೋಗದ ವಾರ್ಡ್ ಇಲ್ಲದಿದ್ದರೆ ಕೈದಿಯನ್ನು ಹೊರಗಿನ ಮಾನಸಿಕ ಆರೋಗ್ಯ ಸಂಸ್ಥೆಗೆ ಕಳಿಸಬಹುದು, ಆದರೆ ಇದೇ ಕಾಯ್ದೆಯಡಿ ರಚನೆಯಾದ ಪುನರ್‌ಪರಿಶೀಲನಾ ಮಂಡಳಿಯ ಪೂರ್ವಾನುಮತಿ ಬೇಕು. ಅನುಮತಿ ಬರುವವರೆಗೆ ಏನು ಮಾಡುವುದು ಎಂದು ಎಲ್ಲರೂ ಕೈಕಟ್ಟಿ ಕೂರುತ್ತಾರೆ. ಅದೇ ಕಾಯ್ದೆಯ 94ನೇ ಕಲಂ ಓದಿದವರು ಕಡಿಮೆ. ಜೀವಕ್ಕೆ ಅಪಾಯವಿದ್ದರೆ ಯಾವುದೇ ನೋಂದಾಯಿತ ವೈದ್ಯರು ತುರ್ತು ಚಿಕಿತ್ಸೆ ಕೊಡಬಹುದು, ಹತ್ತಿರದ ಸಂಸ್ಥೆಗೆ ಸಾಗಿಸುವುದೂ ಅದರಲ್ಲೇ ಸೇರಿದೆ, ಮಿತಿ 72 ಗಂಟೆ. ಆ 72 ಗಂಟೆಯಲ್ಲಿ ಉಳಿದ ಕಾಗದಪತ್ರ ಓಡಿಸಿದರಾಯಿತು. ಪತ್ರದ ಪ್ರತಿ ನ್ಯಾಯಾಲಯಕ್ಕೂ ಹೋಯಿತು. ಮಧ್ಯಾಹ್ನ ಮೂರಕ್ಕೆ ವ್ಯಾನ್ ಬಂತು, ಜಾತ್ರೆಯಿಂದ ಇಬ್ಬರು ಮಹಿಳಾ ಪೇದೆಯರೂ ಬಂದರು!

ಆಸ್ಪತ್ರೆಯಲ್ಲಿ ಇನ್ನೊಂದು ತಕರಾರು: ಕೂಸನ್ನು ಸೇರಿಸಿಕೊಳ್ಳುವುದಿಲ್ಲವಂತೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡಬಾರದೆಂದು ಅದೇ ಕಾಯ್ದೆಯ 21ನೇ ಕಲಂ ಹೇಳುತ್ತದೆ. ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವಿಗೆಂದೇ 2009ರಿಂದ ಪ್ರತ್ಯೇಕ ಘಟಕವಿದೆ, ನಮ್ಮ ಜಿಲ್ಲಾ ವಾರ್ಡಿನಲ್ಲಿ ಇದ್ದದ್ದು ಒಂದು ಕಬ್ಬಿಣದ ಮಂಚ. ಪಕ್ಕದಲ್ಲಿ ನಾವೇ ಒಂದು ಸೀರೆಯ ಜೋಳಿಗೆ ಕಟ್ಟಿದೆವು. ಮೂರು ವಾರ ಕಳೆದು ಜೈಲಿಗೆ ಮರಳಿದ ದಿನ ಆಕೆ ನನ್ನನ್ನು ಕೇಳಿದ ಮೊದಲ ಮಾತು: ‘ಯಕ್ಕಾ, ಕೂಸಿಗೆ ಕಾಡಿಗಿ ಹಚ್ಚಬೇಕು. ಡಬ್ಬಿ ಒಳಗ ಬಿಡ್ತಾರೇನು?’

ಆಮೇಲೆ ಮಾಡಿದ ಬದಲಾವಣೆ ದೊಡ್ಡವೇನಲ್ಲ. ಕ್ಲಿನಿಕ್ಕನ್ನು ಮಹಿಳಾ ಬ್ಯಾರಕ್‌ನ ಹೊಲಿಗೆ ಕೋಣೆಗೆ ತಂದೆವು, ಮಷಿನ್ನಿನ ಹಲಗೆಯೇ ಮೇಜು. ಬಾಗಿಲು ತೆರೆದಿರುತ್ತದೆ, ವಾರ್ಡರ್ ಮರದ ಹತ್ತಿರ ನಿಂತು ನಮ್ಮನ್ನು ನೋಡಬಹುದು, ಕೇಳಿಸಿಕೊಳ್ಳುವಂತಿಲ್ಲ. ಈ ಹತ್ತು ಮಾರು ದೂರಕ್ಕೆ ಒಪ್ಪಿಸಲು ನಾಲ್ಕು ತಿಂಗಳು ಹಿಡಿಯಿತು. ಇನ್ನೂರು ಪುಟದ ಒಂದು ಲಾಂಗ್ ಬುಕ್‌ನಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ತಾರೀಖು ಬರೆದಿಟ್ಟೆವು: ಕೋರ್ಟಿನ ದಿನ, ಜಾಮೀನು ತಿರಸ್ಕಾರವಾದ ದಿನ, ಬರುತ್ತೇನೆಂದವರು ಸಂದರ್ಶನಕ್ಕೆ ಬಾರದ ದಿನ, ಒಳಗಿರುವ ಮಗುವಿಗೆ ಆರು ವರ್ಷ ತುಂಬಿ ಹೊರಗೆ ಕಳಿಸಬೇಕಾದ ದಿನ. ಸಂಕಟ ಹೇಳದೆ ಕೇಳದೆ ಬರುತ್ತದೆ ಅಂದುಕೊಂಡಿದ್ದೆ. ಪುಸ್ತಕ ನೋಡಿದರೆ ಬಹುಪಾಲು ಈ ತಾರೀಖುಗಳ ಸುತ್ತಲೇ ಬರುತ್ತಿತ್ತು. ಅಂಥ ರಾತ್ರಿಗಳಲ್ಲಿ ಒಂಟಿ ಸೆಲ್ ಬೇಡ, ಪಕ್ಕದಲ್ಲಿ ಒಬ್ಬಳು ಎಚ್ಚರವಿರಲಿ ಎಂದು ವಾರ್ಡರ್‌ಗಳಿಗೆ ಹೇಳಿಕೊಟ್ಟೆವು. ದಿಕ್ಕು ತೋಚದಿದ್ದರೆ ಕಚೇರಿ ಫೋನಿನಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ, 14416ಕ್ಕೆ, ವಾರ್ಡರ್ ತಾನೇ ಕರೆ ಮಾಡಿ ಕೇಳಬಹುದು. ಒಳಗಿನವರಿಗೆ ಆ ಸೌಲಭ್ಯ ನಮ್ಮಲ್ಲಿ ಇನ್ನೂ ಸಿಕ್ಕಿಲ್ಲ.

ತಾವೇ ಮಾಡಿಕೊಂಡ ಗಾಯ ಮುಚ್ಚಿಡುವವರದು ಬೇರೆಯೇ ಕಥೆ. ಹೇಳಿದರೆ ಇನ್ನೊಂದು ಕೇಸು ಬೀಳುತ್ತದೆಂಬ ಭಯ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು ಅದೇ 2017ರ ಕಾಯ್ದೆಯ 115ನೇ ಕಲಂ ಆಗಲೇ ಹೇಳಿತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ ಇಲ್ಲ. ಆದರೆ ಸರ್ಕಾರಿ ನೌಕರರ ಮೇಲೆ ಒತ್ತಡ ಹೇರಲು ಹಾಗೆ ಮಾಡಿದರೆ ಶಿಕ್ಷೆ ಎಂಬ 226ನೇ ಕಲಂ ಇದೆ. ಜೈಲಿನಲ್ಲಿ ಎದುರಿಗಿರುವವರೆಲ್ಲ ಸರ್ಕಾರಿ ನೌಕರರೇ ಅಲ್ಲವೇ? ‘ನಾಟಕ’ ಎಂಬ ಒಂದು ಪದ ರಿಜಿಸ್ಟರಿಗೆ ಬಿದ್ದರೆ ಅದು ಎಲ್ಲಿಗೆ ಒಯ್ಯಬಹುದು ಎಂದು ಈಗ ತರಬೇತಿಯಲ್ಲಿ ಮೊದಲು ಹೇಳುತ್ತೇನೆ.

ನನ್ನಿಂದಲೂ ಒಂದು ತಪ್ಪಾಯಿತು. ಚೆನ್ನಾಗಿ ಚೇತರಿಸಿಕೊಳ್ಳುತ್ತಿದ್ದ ಇನ್ನೊಬ್ಬ ಹೆಂಗಸಿಗೆ ಒಂದು ಸಂಜೆ ಜಾಮೀನು ಆದೇಶ ಬಂತು, ರಾತ್ರಿ ಎಂಟಕ್ಕೆ ಗೇಟಿನ ಹೊರಗೆ ಬಿಟ್ಟರು. ಮಾತ್ರೆ ಔಷಧಿ ಕೋಣೆಯಲ್ಲೇ ಉಳಿಯಿತು, ಚೀಟಿ ನನ್ನ ಫೈಲಿನಲ್ಲಿ. ಎರಡು ತಿಂಗಳಾದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಗುರುತು ಹಿಡಿದು ಫೋನ್ ಮಾಡಿದಾಗ ಆಕೆಗೆ ತನ್ನ ಊರಿನ ಹೆಸರೂ ಸರಿಯಾಗಿ ಬರುತ್ತಿರಲಿಲ್ಲ.

ಈಗ ಮಾತ್ರೆ ಶುರುವಾದ ದಿನವೇ ಹದಿನೈದು ದಿನದ ಮಾತ್ರೆ, ಚೀಟಿ, ಆಕೆಯ ತಾಲ್ಲೂಕು ಆಸ್ಪತ್ರೆಗೆ ನಾವು ಹೋಗುವ ವಾರದ ವಿವರ, ಮೂರನ್ನೂ ಒಂದು ಬ್ರೌನ್ ಕವರಿಗೆ ಹಾಕಿ ಗೇಟಿನಲ್ಲಿ ಆಕೆಯ ಓಲೆ, ಕಾಲುಂಗುರ ಇಟ್ಟ ಚೀಲದೊಳಗೇ ಸೇರಿಸುತ್ತೇವೆ. ಬಿಡುಗಡೆಯ ಹೊತ್ತಿನಲ್ಲಿ ಆ ಚೀಲವನ್ನು ಮಾತ್ರ ಸಹಿ ಮಾಡಿಸಿಕೊಂಡೇ ಕೊಡುತ್ತಾರೆ.