ಸಾಹೇಬರ ಪಕ್ಕದ ಕುರ್ಚಿಯಲ್ಲಿ ವಿಷಯ ನಿರ್ವಾಹಕ

ತಾಲ್ಲೂಕು ಆರೋಗ್ಯಾಧಿಕಾರಿಗಳು ಮತ್ತು ಜಿಲ್ಲಾ ಕಾರ್ಯಕ್ರಮಾಧಿಕಾರಿಗಳ ನಾಯಕತ್ವ ತರಬೇತಿಗೆ ಅವರವರ ಕಚೇರಿಯಲ್ಲಿ ಕಡತ ಸಿದ್ಧಪಡಿಸುವ ವಿಷಯ ನಿರ್ವಾಹಕರನ್ನೂ ಕರೆಸೋಣ ಎಂದು ನಾನು ಮೊದಲ ಸಲ ಹೇಳಿದಾಗ ಸಭೆಯಲ್ಲಿದ್ದ ಹಿರಿಯರೊಬ್ಬರು ನಕ್ಕುಬಿಟ್ಟರು. "ಗುಮಾಸ್ತರಿಗೆ ನಾಯಕತ್ವ ಕಲಿಸುತ್ತೀರಾ ಡಾಕ್ಟರೇ?" ಎಂದರು. ಇನ್ನೊಬ್ಬರ ಅನುಮಾನ ಬೇರೆ ಥರದ್ದು. ತನಗೆ ಗೊತ್ತಿಲ್ಲ ಎಂಬುದನ್ನು ಯಾವ ಅಧಿಕಾರಿ ತನ್ನ ಕೈಕೆಳಗಿನವರ ಎದುರು ಒಪ್ಪಿಕೊಳ್ಳುತ್ತಾನೆ? ಅದು ನ್ಯಾಯವಾದ ಪ್ರಶ್ನೆಯೇ, ಉತ್ತರ ಆಗ ನನ್ನಲ್ಲಿರಲಿಲ್ಲ. ಈಗ ಐದು ತಂಡಗಳು ಮುಗಿದಿವೆ. ಅಂದು ನಕ್ಕವರೇ ಈ ಸಲ ತಮ್ಮ ವಿಭಾಗದಿಂದ ಎರಡು ಜೋಡಿಗಳ ಹೆಸರು ಕಳಿಸಿದ್ದಾರೆ. ಹಾಗಾಗಿ ಬರೆಯುವ ಹಕ್ಕು ಬಂದಿದೆ ಎಂದುಕೊಂಡಿದ್ದೇನೆ.

ಮೊದಲು ನಾನು ಹಾಳುಮಾಡಿದ ಹಣದ ಲೆಕ್ಕ. ಶುರುವಿನಲ್ಲಿ ಹೊರಗಿನ ಒಂದು ಮ್ಯಾನೇಜ್‌ಮೆಂಟ್ ಸಂಸ್ಥೆಗೆ ಐದು ದಿನದ ವಸತಿ ತರಬೇತಿ ವಹಿಸಿದ್ದೆವು. ಮೂವತ್ತು ಅಧಿಕಾರಿಗಳು, ಖರ್ಚು ಹನ್ನೊಂದು ಲಕ್ಷದ ಆಸುಪಾಸು. ಎರಡನೇ ದಿನ ವಿದೇಶದ ಯಾವುದೋ ಆಸ್ಪತ್ರೆಯ ಮುಖ್ಯಸ್ಥೆ ಹಳೆಯ ಸಿಬ್ಬಂದಿಯನ್ನು ತೆಗೆದು ಹೊಸಬರನ್ನು ಹಾಕಿಕೊಂಡ ಪ್ರಸಂಗವನ್ನು ಚರ್ಚೆಗೆ ಕೊಟ್ಟರು. ಹಿಂದಿನ ಸಾಲಿನಲ್ಲಿದ್ದ ಜಿಲ್ಲಾ ಅಧಿಕಾರಿಯೊಬ್ಬರು ಎದ್ದು ನಿಂತು, "ಸ್ವಾಮಿ, ನನ್ನ ಜೀಪಿನ ಚಾಲಕನನ್ನು ಬದಲಾಯಿಸುವ ಅಧಿಕಾರವೂ ನನಗಿಲ್ಲ, ಅವನು ಹೊರಗುತ್ತಿಗೆಯವನು" ಎಂದರು. ಅಲ್ಲಿಗೆ ಚರ್ಚೆ ಮುಗಿಯಿತು. ಮೂರನೇ ದಿನ ಹಗ್ಗದ ಆಟ. ಐವತ್ತೇಳರ ಒಬ್ಬರು ಮೊಣಕಾಲು ಹೊರಳಿಸಿಕೊಂಡರು. ಮೂಳೆ ತಜ್ಞರೇ ಆಗಿದ್ದರಿಂದ ತಮ್ಮ ರೋಗವನ್ನು ತಾವೇ ಪತ್ತೆಹಚ್ಚಿದರು. ಕೊನೆಯ ದಿನದ ಅಭಿಪ್ರಾಯ ನಮೂನೆಯಲ್ಲಿ ಎಲ್ಲರೂ "ಅತ್ಯುತ್ತಮ" ಎಂದೇ ಬರೆದಿದ್ದರು. ಅಂದಿನಿಂದ ಆ ನಮೂನೆಯನ್ನೇ ಕೈಬಿಟ್ಟೆ.

ಆಮೇಲೆ ನಿವೃತ್ತ ಹಿರಿಯರಿಂದ ಉಪನ್ಯಾಸ ಮಾಡಿಸಿದೆ. ಅಗ್ಗ ನಿಜ, ಆದರೆ ಪ್ರತಿಯೊಬ್ಬರೂ ತಮ್ಮ ಕಾಲದ ಪರಾಕ್ರಮ ಹೇಳಿ ಇಳಿದರು. ಅದಾದ ಮೇಲೆ ಮಾಡಿದ್ದು ನನ್ನ ಅತಿ ದೊಡ್ಡ ತಪ್ಪು. ಅಧಿಕಾರಿಯ ಬಗ್ಗೆ ಅವರ ಸಿಬ್ಬಂದಿಯಿಂದ ಹೆಸರಿಲ್ಲದ ಅಭಿಪ್ರಾಯ ಬರೆಸಿ, ಲಕೋಟೆಯಲ್ಲಿಟ್ಟು ಅವರಿಗೇ ಕೊಟ್ಟೆ. ಒಂದು ತಾಲ್ಲೂಕಿನಲ್ಲಿ ಸಾಹೇಬರು ಕೈಬರಹ ಗುರುತಿಸಿದರು. ಹದಿನೈದು ದಿನದೊಳಗೆ ಒಬ್ಬ ಆರೋಗ್ಯ ನಿರೀಕ್ಷಣಾಧಿಕಾರಿಗೆ ಬೇರೆ ಯಾವುದೋ ನೆಪದಲ್ಲಿ ಕಾರಣ ಕೇಳಿ ನೋಟಿಸ್ ಹೋಯಿತು. ಅದನ್ನು ಬಗೆಹರಿಸಲು ಎರಡು ಸಲ ಅಲ್ಲಿಗೆ ಹೋಗಿ ಬಂದೆ. ಆ ನಿರೀಕ್ಷಣಾಧಿಕಾರಿ ಈಗಲೂ ಎದುರಾದರೆ ನಾನೇ ಮೊದಲು ನಮಸ್ಕಾರ ಮಾಡುತ್ತೇನೆ.

ದಾರಿ ತೋರಿಸಿದ್ದು ಒಂದು ಫ್ರಿಜ್ಜು. ಬೇರೆ ಕೆಲಸದ ಮೇಲೆ ಒಂದು ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದೆ. ಮೂಲೆಯಲ್ಲಿ ರಕ್ತ ಶೇಖರಣಾ ಘಟಕದ ಫ್ರಿಜ್ಜು ಪ್ಲಾಸ್ಟಿಕ್ ಹೊದಿಕೆಯಲ್ಲೇ ನಿಂತಿತ್ತು. ಬಂದು ಹದಿನಾಲ್ಕು ತಿಂಗಳಾಗಿತ್ತಂತೆ. ಹೆರಿಗೆಯ ರಕ್ತಸ್ರಾವ ಏನು ಮಾಡುತ್ತದೆ ಎಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಆ ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ ಒಂದೂವರೆ ಗಂಟೆಯ ದಾರಿ. ಕಡತ ತರಿಸಿದೆ. ಹಸಿರು ಟಿಪ್ಪಣಿ ಹಾಳೆಯಲ್ಲಿ ಬೇಕಾದದ್ದೆಲ್ಲ ಇತ್ತು: ಹತ್ತು ಚದರ ಮೀಟರಿನ ಕೊಠಡಿ, ಹವಾನಿಯಂತ್ರಣ ಯಂತ್ರ, ತಂತ್ರಜ್ಞರ ತರಬೇತಿ, ಜಿಲ್ಲಾ ರಕ್ತನಿಧಿಯ ಒಪ್ಪಿಗೆ ಪತ್ರ, ಔಷಧ ನಿಯಂತ್ರಣ ಇಲಾಖೆಯ ಅನುಮೋದನೆಗೆ ಅರ್ಜಿ. ವಿಷಯ ನಿರ್ವಾಹಕ ಪ್ರತಿ ಕಂಡಿಕೆಯಲ್ಲೂ "ಆದೇಶಕ್ಕಾಗಿ ಮಂಡಿಸಿದೆ" ಎಂದು ಬರೆದಿದ್ದ. ಕೆಳಗೆ ಸಾಹೇಬರ ಕೆಂಪು ಶಾಯಿಯ ಒಂದೇ ಪದ: "ಮಾತನಾಡಿ." ಎಣಿಸಿದೆ, ಏಳು ಸಲ ಇತ್ತು.

ಮಾತನಾಡಿದ್ದಿರಾ ಎಂದು ಆ ಹುಡುಗನನ್ನು ಕೇಳಿದೆ. ಎರಡು ಸಲ ಒಳಗೆ ಹೋಗಿದ್ದನಂತೆ. ಒಮ್ಮೆ ರೋಗಿಗಳಿದ್ದರು, ಇನ್ನೊಮ್ಮೆ ಸಾಹೇಬರು ಜೂಮ್ ಸಭೆಯಲ್ಲಿದ್ದರು. ಆಮೇಲೆ ಅವನು ಹೋಗಲಿಲ್ಲ, ಇವರು ಕರೆಯಲಿಲ್ಲ. ಸಾಹೇಬರು ಕೆಟ್ಟವರೇನಲ್ಲ, ರಾತ್ರಿ ಎರಡು ಗಂಟೆಗೂ ಎದ್ದು ಬಂದು ಶಸ್ತ್ರಚಿಕಿತ್ಸೆ ಮಾಡುವವರು. ಅದೇ ಮನುಷ್ಯ ಹೊರಗಿನ ಸಂಸ್ಥೆಯ ಐದು ದಿನದ ನಾಯಕತ್ವ ತರಬೇತಿಯನ್ನೂ ಮುಗಿಸಿದ್ದರು. ಆ ಪ್ರಮಾಣಪತ್ರ ಅವರ ಕುರ್ಚಿಯ ಹಿಂದೆ ಗೋಡೆಯಲ್ಲಿ ನೇತಾಡುತ್ತಿತ್ತು.

ಅಂದು ವಾಪಸ್ ಬರುವಾಗ ಜೀಪಿನಲ್ಲೇ ಹೊಸ ತರಬೇತಿಯ ನಕ್ಷೆ ಹಾಕಿದೆ. ಅಧಿಕಾರಿ ಒಬ್ಬರೇ ಬರುವಂತಿಲ್ಲ. ತಮ್ಮ ಕಚೇರಿಯಲ್ಲಿ ಕನಿಷ್ಠ ಆರು ತಿಂಗಳಿಂದ ನಿಂತಿರುವ ಎರಡು ಕಡತಗಳನ್ನು ಮತ್ತು ಅವನ್ನು ನೋಡಿಕೊಳ್ಳುವ ವಿಷಯ ನಿರ್ವಾಹಕರನ್ನು ಜೊತೆಗೆ ಕರೆತರಬೇಕು. ಹನ್ನೆರಡು ಜೋಡಿ, ಇಪ್ಪತ್ತನಾಲ್ಕು ಕಡತ. ಮೊದಲು ಮೂರು ದಿನ, ಎರಡು ತಿಂಗಳ ನಂತರ ಎರಡು ದಿನ, ಮತ್ತೆ ಎರಡು ತಿಂಗಳ ನಂತರ ಎರಡು ದಿನ. ನಡುವೆ ನಾನು ಫೋನಿನಲ್ಲಿ ಕಾಡುತ್ತೇನೆ. ಪಿಪಿಟಿ ಇಲ್ಲವೇ ಇಲ್ಲ.

ಮೊದಲ ತಂಡದ ಮೊದಲ ದಿನ ಪೂರ್ತಿ ಸೋಲು. ಸಾಹೇಬರು ಕೂತರು, ವಿಷಯ ನಿರ್ವಾಹಕರು ಹಿಂದೆ ಗೋಡೆಗೆ ಒರಗಿ ನಿಂತರು. ಕೂರಿ ಎಂದರೆ ಕುರ್ಚಿಯ ತುದಿಯಲ್ಲಿ ಕೂತರು. ಏನು ಕೇಳಿದರೂ "ಸಾಹೇಬರು ಹೇಳಿದ ಹಾಗೆ ಸರ್" ಎಂಬ ಒಂದೇ ಉತ್ತರ. ಮರುದಿನ ಜೋಡಿಗಳನ್ನು ಒಡೆದೆ. ಒಂದು ತಾಲ್ಲೂಕಿನ ಅಧಿಕಾರಿಯನ್ನು ಇನ್ನೊಂದು ತಾಲ್ಲೂಕಿನ ವಿಷಯ ನಿರ್ವಾಹಕರ ಪಕ್ಕ ಕೂರಿಸಿ, ಮೂರನೆಯ ಕಚೇರಿಯ ಕಡತ ಓದಲು ಕೊಟ್ಟೆ. ಅರ್ಧ ಗಂಟೆಯಲ್ಲಿ ಕೋಣೆಯ ಸದ್ದು ಬದಲಾಯಿತು. ಬೇರೆಯವರ ಸಾಹೇಬರ ತಪ್ಪು ಹುಡುಕುವುದಕ್ಕೆ ಯಾರಿಗೂ ಸಂಕೋಚವಿಲ್ಲ. ಮಧ್ಯಾಹ್ನದ ಮೇಲೆ ಸ್ವಂತ ಜೋಡಿಗೆ ಮರಳಿಸಿದಾಗ ಮಾತು ತಾನಾಗಿ ಬಂತು. ಯಾರನ್ನು ಯಾರ ಜೊತೆ ಅದಲುಬದಲು ಮಾಡಬೇಕು ಎಂಬುದಕ್ಕೆ ನನ್ನದೇ ಒಂದು ಲೆಕ್ಕವಿದೆ, ಮೂರನೇ ದಿನ ಸಂಜೆ ಕೇಳುವ ಒಂದು ಪ್ರಶ್ನೆಯೂ ಇದೆ. ಅವೆರಡನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ತಂಡ ಉತ್ತರ ಬಾಯಿಪಾಠ ಮಾಡಿಕೊಂಡು ಬರುತ್ತದೆ.

ಒಂದು ನಿಯಮ ಮಾತ್ರ ಹೇಳುತ್ತೇನೆ, ಅದು ಭಾಷೆಯದು. ತರಬೇತಿ ಕೊಠಡಿಯಲ್ಲಿ "ಕ್ರಮ ವಹಿಸಲಾಗುತ್ತಿದೆ" ಎಂದು ಬರೆಯುವಂತಿಲ್ಲ. ಮೇಲಿನವರ ಸೂಚನೆಗೆ ಏನು ಮಾಡಿದೆವು ಎಂದು ತಿಳಿಸುವ ನಮ್ಮ ಅನುಪಾಲನಾ ವರದಿಗಳ ಮುಕ್ಕಾಲು ಭಾಗ ಈ ಎರಡು ಪದಗಳ ಮೇಲೆ ನಿಂತಿದೆ. ಯಾರು ವಹಿಸುತ್ತಿದ್ದಾರೆ? ಯಾವ ತಾರೀಖಿನೊಳಗೆ? ಫ್ರಿಜ್ಜಿನ ಕಡತವನ್ನೇ ಮಾದರಿಯಾಗಿ ಕೊಟ್ಟಾಗ ಒಂದು ಜೋಡಿ ಬರೆದದ್ದು ನೆನಪಿದೆ: "ಒಪ್ಪಿಗೆ ಪತ್ರಕ್ಕಾಗಿ ನಾನು ಸೋಮವಾರ ಜಿಲ್ಲಾ ರಕ್ತನಿಧಿಗೆ ಹೋಗುತ್ತೇನೆ. ಸಿಗದಿದ್ದರೆ ಮಂಗಳವಾರ ಸಾಹೇಬರು ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡುತ್ತಾರೆ." ಸರ್ಕಾರಿ ಟಿಪ್ಪಣಿಯಲ್ಲಿ "ನಾನು" ಎಂಬ ಪದ ನೋಡಿ ಒಬ್ಬ ಅಧೀಕ್ಷಕರು ಹೌಹಾರಿದರು. ಇದರ ಹಿಂದೆ ಇನ್ನೊಂದು ಗಂಟಿದೆ. ಸಾಹೇಬರು ಇಂಗ್ಲಿಷಿನಲ್ಲಿ ಯೋಚಿಸುತ್ತಾರೆ, ವಿಷಯ ನಿರ್ವಾಹಕರು ಕನ್ನಡದಲ್ಲಿ ಬರೆಯುತ್ತಾರೆ, ನಡುವೆ ಅರ್ಥ ಸೋರಿಹೋಗುತ್ತದೆ. ಎರಡನೇ ತಂಡವನ್ನು ಕೆಲವರ ಒತ್ತಾಯಕ್ಕೆ ಇಂಗ್ಲಿಷಿನಲ್ಲಿ ನಡೆಸಿ ನೋಡಿದೆ. ವಿಷಯ ನಿರ್ವಾಹಕರು ಮತ್ತೆ ಕುರ್ಚಿಯ ತುದಿಗೆ ಬಂದರು. ಆ ಪ್ರಯೋಗವನ್ನು ಮರುದಿನವೇ ನಿಲ್ಲಿಸಿದೆ.

ನೀತಿ ರೂಪಣೆಯ ಭಾಗಕ್ಕೆ ಹಣಕಾಸು ಕೆಲಸದಲ್ಲಿ ಪಳಗಿದ ನಿವೃತ್ತರೊಬ್ಬರನ್ನು ಕರೆತಂದೆ. ಅವರ ಕೆಲಸ ಒಂದೇ, ಪ್ರಸ್ತಾವನೆಗಳನ್ನು ಹಿಂದಿರುಗಿಸುವುದು. ನಮ್ಮ ವೈದ್ಯರಿಗೆ ಒಂದು ಚಟ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರೊಳಗೆ ಸಾರ್ವಜನಿಕ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ 2.5ಕ್ಕೆ ಏರಿಸಬೇಕೆಂದಿದೆ ಎಂದು ಶುರುಮಾಡಿ, "ಆದ್ದರಿಂದ ಎರಡು ಅಲ್ಟ್ರಾಸೌಂಡ್ ಯಂತ್ರ ಕೊಡಿಸಬೇಕು" ಎಂದು ಮುಗಿಸುತ್ತಾರೆ. ಆ ನಿವೃತ್ತರು ಮೊದಲ ಪುಟವನ್ನು ಪೂರ್ತಿ ಹೊಡೆದುಹಾಕುತ್ತಿದ್ದರು. ನಂತರ ಅವರ ಪ್ರಶ್ನೆಗಳು. ರಾಜಸ್ವ ವೆಚ್ಚದ ಲೆಕ್ಕ ಶೀರ್ಷಿಕೆ 2210ರಲ್ಲೋ, ಬಂಡವಾಳ ವೆಚ್ಚದ 4210ರಲ್ಲೋ? ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಾದರೆ ಕೇಂದ್ರ 60, ರಾಜ್ಯ 40, ಆ 40 ಎಲ್ಲಿಂದ? ಯಂತ್ರ ಬಂದ ಮೇಲೆ ಪ್ರತಿ ವರ್ಷದ ಆವರ್ತಕ ವೆಚ್ಚ ಎಷ್ಟು? ಕಳೆದ ವರ್ಷ ಕೊಟ್ಟ ಹಣದ ಬಳಕೆ ಪ್ರಮಾಣಪತ್ರ ಎಲ್ಲಿ? ಕೊನೆಯ ಪ್ರಶ್ನೆಗೆ ಸಾಹೇಬರು ವಿಷಯ ನಿರ್ವಾಹಕರ ಮುಖ ನೋಡುತ್ತಾರೆ. ಯಾರನ್ನು ಜೊತೆಗೆ ಕರೆತರಬೇಕಿತ್ತು ಎಂಬ ಚರ್ಚೆ ಅಲ್ಲಿಗೆ ಮುಗಿಯುತ್ತದೆ.

ಇನ್ನೊಂದು ಅಭ್ಯಾಸ ನನಗೆ ಬಹಳ ಇಷ್ಟ. ಹಳೆಯ ಸರ್ಕಾರಿ ಆದೇಶವೊಂದರ "ಪ್ರಸ್ತಾವನೆ" ಭಾಗವನ್ನು ಮುಚ್ಚಿ ಕೊನೆಯ ಆದೇಶ ಮಾತ್ರ ಕೊಡುತ್ತೇನೆ. ಸರ್ಕಾರ ಏಕೆ ಹೀಗೆ ಮಾಡಿತು ಎಂಬುದನ್ನು ಅವರು ಬರೆಯಬೇಕು. ಆದೇಶಗಳನ್ನು ಪಾಲಿಸುತ್ತ ಬಂದವರಿಗೆ ಅದರ ಹಿಂದೆ ಒಬ್ಬ ಮನುಷ್ಯ ಕೂತು ಕಾರಣ ಯೋಚಿಸಿದ್ದ ಎಂಬುದು ಆಗಲೇ ಹೊಳೆಯುವುದು. ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ರಾಜ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಕಾರ್ಯಪಡೆ 2001ರಲ್ಲಿ ಕೊಟ್ಟ ವರದಿಯ ಕೆಲವು ಪುಟಗಳನ್ನೂ ಓದಿಸುತ್ತೇನೆ. ಇಪ್ಪತ್ತು ವರ್ಷ ಸೇವೆ ಮಾಡಿದವರಲ್ಲೂ ಅದನ್ನು ಮೊದಲು ಓದಿದ್ದವರು ತಂಡಕ್ಕೆ ಒಬ್ಬರೋ ಇಬ್ಬರೋ.

ಅಡ್ಡ ಪ್ರಯೋಗಗಳು ಕೆಲವು. ಮೊಬೈಲುಗಳನ್ನು ಪೆಟ್ಟಿಗೆಯಲ್ಲಿ ಹಾಕಿಸಿದ ದಿನವೇ ಒಬ್ಬರ ತಾಲ್ಲೂಕಿನಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು. ಮೇಲಿನವರು ಇಪ್ಪತ್ತು ಸಲ ಕರೆ ಮಾಡಿ, ಕೊನೆಗೆ ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಪೆಟ್ಟಿಗೆಯಲ್ಲಿ ಈಗ ಸೀಮೆಸುಣ್ಣ ಇಡುತ್ತೇನೆ. ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯ ಅಣಕು ನಾಟಕ ಮಾಡಿಸಿದಾಗ ಶಾಸಕರ ಪಾತ್ರಧಾರಿ ಅತಿಯಾಗಿ ಅಭಿನಯಿಸಿ ಎಲ್ಲರೂ ನಕ್ಕು ಹಗುರಾದರು, ಕಲಿತದ್ದೇನೂ ಇಲ್ಲ. ಈಗ ನಾಟಕ ಬಿಟ್ಟು ನಿಜವಾದ ನಡವಳಿಯನ್ನೇ ಗಟ್ಟಿಯಾಗಿ ಓದಿಸುತ್ತೇನೆ, ಅದೇ ಸಾಕಷ್ಟು ನಾಟಕೀಯವಾಗಿರುತ್ತದೆ. ಒಂದು ವಾರ ಬಂದ ಫೋನ್ ಕರೆಗಳನ್ನೆಲ್ಲ ಗೀಟು ಹಾಕಿ ಎಣಿಸಲು ಹೇಳಿದ್ದು ಮಾತ್ರ ಫಲ ಕೊಟ್ಟಿತು. ಒಬ್ಬರಿಗೆ ಇನ್ನೂರಕ್ಕೂ ಹೆಚ್ಚು ಕರೆ ಬಂದಿದ್ದವು, ಅದರಲ್ಲಿ ಮೂರರಲ್ಲಿ ಒಂದು ಪಾಲು ಸಿಬ್ಬಂದಿಯನ್ನು ಬೇರೆ ಕಡೆಗೆ ಕಳಿಸುವ ನಿಯೋಜನೆಯ ಶಿಫಾರಸು. ಅವರು ನಿಯೋಜನೆಯ ಅರ್ಜಿಗಳಿಗೆ ವಾರಕ್ಕೊಂದು ನಿಗದಿತ ಗಂಟೆ ಇಟ್ಟುಕೊಂಡರು. ಉಳಿದವರೂ ಹಾಗೆ ಮಾಡಿದರೆಂದು ಹೇಳಲಾರೆ.

ಈಗ ಹಣ. ನನ್ನ ಮಾದರಿಗೆ ಮೂರು ಸುತ್ತು ಸೇರಿ ತಂಡಕ್ಕೆ ಎರಡೂಮುಕ್ಕಾಲು ಲಕ್ಷ ಆಗುತ್ತದೆ, ಹೆಚ್ಚುಕಡಿಮೆ. ಮೊದಲ ತಂಡದಲ್ಲಿ ವಿಷಯ ನಿರ್ವಾಹಕರ ಪ್ರಯಾಣ ಭತ್ಯೆಗೆ ಅನುದಾನವೇ ಇರಲಿಲ್ಲ, ಏಕೆಂದರೆ ಮಂಜೂರಾತಿ ಪತ್ರದಲ್ಲಿ "ಅಧಿಕಾರಿಗಳ ತರಬೇತಿ" ಎಂದಷ್ಟೇ ಇತ್ತು. ಮೂವತ್ತೆಂಟು ಸಾವಿರದಷ್ಟನ್ನು ಕೈಯಿಂದ ಹಾಕಿದೆ. ವಾಪಸ್ ಬರಲು ಒಂದು ವರ್ಷ ಮೀರಿತು. ಮನೆಯಲ್ಲಿ ಈ ಬಗ್ಗೆ ನಡೆದ ಚರ್ಚೆ ಬೇಡ. ವಸತಿಯದೂ ತಕರಾರು: ಇಬ್ಬರ ದರ್ಜೆ ಬೇರೆ, ಒಂದೇ ವಸತಿಗೃಹದಲ್ಲಿ ಹೇಗೆ? ಕೊನೆಗೆ ಎಲ್ಲರಿಗೂ ಒಂದೇ ಸಾಮಾನ್ಯ ಕೊಠಡಿ ಕೊಟ್ಟೆ. ದೂರು ಕೊಟ್ಟವರು ಇಬ್ಬರು, ಇಬ್ಬರೂ ಕಡೆಯ ಸುತ್ತಿಗೂ ಬಂದರು.

ಫಲಿತಾಂಶ ಕೇಳುವವರಿಗೆ: ಮೊದಲ ತಂಡದ ಇಪ್ಪತ್ತನಾಲ್ಕು ಕಡತಗಳಲ್ಲಿ ಆರು ತಿಂಗಳೊಳಗೆ ಮುಕ್ತಾಯವಾದದ್ದು ಹದಿನೈದೋ ಹದಿನಾರೋ. ಎರಡನೆಯದರಲ್ಲಿ ಕಡಿಮೆ, ಹನ್ನೊಂದು ಎಂದು ನೆನಪು. ಅಲ್ಲಿಂದ ಮುಂದೆ ಹದಿನೇಳಕ್ಕಿಂತ ಕೆಳಗೆ ಇಳಿದಿಲ್ಲ. ನಿಂತ ಕಡತಗಳಲ್ಲಿ ಹೆಚ್ಚಿನವು ಸರ್ಕಾರಿ ಖರೀದಿಯ ಕೆಟಿಪಿಪಿ ಕಾಯ್ದೆಯ 4(ಜಿ) ಅಡಿ ಟೆಂಡರಿನಿಂದ ವಿನಾಯಿತಿ ಬೇಡುವಂಥವು. ಅವು ತಾಲ್ಲೂಕಿನಲ್ಲಿ ಬಗೆಹರಿಯುವುದಿಲ್ಲ, ತರಿಸಿದ್ದೇ ನನ್ನ ತಪ್ಪು. ಫ್ರಿಜ್ಜಿನ ತಾಲ್ಲೂಕಿನವರು ಎರಡನೇ ತಂಡದಲ್ಲಿ ಬಂದಿದ್ದರು. ಅನುಮೋದನೆ ಸಿಕ್ಕಿತು, ಘಟಕ ನಡೆಯುತ್ತಿದೆ. ತಾಯಿ ಮರಣ ಅನುಪಾತದ ಶ್ರೇಯಸ್ಸನ್ನು ಒಂದು ತರಬೇತಿಗೆ ಅಂಟಿಸುವ ಹುಚ್ಚು ನನಗಿಲ್ಲ. ಲಕ್ಷ ಜೀವಂತ ಜನನಕ್ಕೆ ಎಷ್ಟು ತಾಯಂದಿರ ಸಾವು ಎಂದು ಹೇಳುವ ಈ ಅನುಪಾತ ರಾಜ್ಯದಲ್ಲಿ 2017-19ರ 83ರಿಂದ 2018-20ಕ್ಕೆ 69ಕ್ಕೆ ಇಳಿದದ್ದು ಈ ತರಬೇತಿ ಶುರುವಾಗುವ ಮೊದಲೇ. ಅದೇ ಅವಧಿಯಲ್ಲಿ ಕೇರಳ 19ರಲ್ಲಿತ್ತು, ತಮಿಳುನಾಡು 54ರಲ್ಲಿ.

ಅನುಮಾನಿಸಿದವರ ಬಾಯಿ ಮುಚ್ಚಿಸಿದ್ದು ಈ ಅಂಕಿಗಳೂ ಅಲ್ಲ, ವರ್ಗಾವಣೆ. ಎರಡನೇ ತಂಡ ಏಪ್ರಿಲಿನಲ್ಲಿ ಶುರುವಾಗಿತ್ತು, ಅದು ನನ್ನ ಬುದ್ಧಿಗೇಡಿತನ. ಎರಡನೇ ಸುತ್ತಿನ ಹೊತ್ತಿಗೆ ಸಾರ್ವತ್ರಿಕ ವರ್ಗಾವಣೆ ಬಂದು ಹನ್ನೆರಡರಲ್ಲಿ ನಾಲ್ವರು ಅಧಿಕಾರಿಗಳು ಹೊರಟುಹೋದರು. ಹಳೆಯ ಮಾದರಿಯಾಗಿದ್ದರೆ ಅವರ ಜೊತೆಗೆ ತರಬೇತಿಯೂ ಹೋಗುತ್ತಿತ್ತು. ಈಗ ವಿಷಯ ನಿರ್ವಾಹಕರು ಅಲ್ಲೇ ಉಳಿದಿದ್ದರು, ಕಡತ ಅವರ ಮೇಜಿನ ಮೇಲಿತ್ತು. ಹೊಸ ಸಾಹೇಬರು ಬಂದ ವಾರದಲ್ಲೇ ಮೂವರು ಒಳಗೆ ಹೋಗಿ, "ಇದಕ್ಕೆ ಈ ತಾರೀಖು ಹಾಕಿಕೊಂಡಿದ್ದೇವೆ ಸರ್" ಎಂದು ಹೇಳಿದರಂತೆ. ನಾಲ್ಕನೆಯವರು ಹೇಳಲಿಲ್ಲ, ಧೈರ್ಯ ಸಾಲಲಿಲ್ಲ.

ಈಗ ತಂಡಗಳನ್ನು ಸೆಪ್ಟೆಂಬರಿನಲ್ಲಿ ಶುರುಮಾಡಿ ಫೆಬ್ರುವರಿಯೊಳಗೆ ಮುಗಿಸುತ್ತೇನೆ, ಮಾರ್ಚಿನಲ್ಲಿ ಯಾರೂ ಕೈಗೆ ಸಿಗುವುದಿಲ್ಲ. ಮಾಡಿ ನೋಡುವವರು ಮಂಜೂರಾತಿ ಪತ್ರದಲ್ಲೇ "ಅಧಿಕಾರಿಗಳು ಮತ್ತು ಲಿಪಿಕ ಸಿಬ್ಬಂದಿ" ಎಂದು ಬರೆಸಿಕೊಳ್ಳಿ. ಅಧಿಕಾರಿಗಳ ತರಬೇತಿಯಲ್ಲಿ ಲಿಪಿಕ ಸಿಬ್ಬಂದಿಗೆ ಏಕೆ ವೆಚ್ಚ ಮಾಡಲಾಯಿತು ಎಂಬ ಲೆಕ್ಕ ಪರಿಶೋಧನೆಯ ಆಕ್ಷೇಪಣೆ ಮೊದಲ ತಂಡದ ಮೇಲೆ ಇನ್ನೂ ಹಾಗೇ ಇದೆ. ಮೂರನೇ ಅನುಪಾಲನಾ ವರದಿ ಕಳೆದ ತಿಂಗಳು ಕಳಿಸಿದ್ದೇನೆ.