ಸಂಶೋಧನಾ ನೈತಿಕ ಸಮಿತಿಯಲ್ಲಿ ಜನಸಾಮಾನ್ಯ ಸದಸ್ಯರಾಗುವ ಬಗೆ

ಹೊಸ ಔಷಧವೊಂದನ್ನು ಮನುಷ್ಯರ ಮೇಲೆ ಪ್ರಯೋಗಿಸುವ ಮುನ್ನ ಅದಕ್ಕೆ ಒಪ್ಪಿಗೆ ನೀಡುವ ನೈತಿಕ ಸಮಿತಿಯಲ್ಲಿ, 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ಕನಿಷ್ಠ 7 ಸದಸ್ಯರಿದ್ದು, ಅವರಲ್ಲಿ ಒಬ್ಬರು ಜನಸಾಮಾನ್ಯರಾಗಿರಲೇಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಕಳೆದ 5 ವರ್ಷ ವೈದ್ಯಕೀಯ ವೃತ್ತಿಯಲ್ಲಿರದ ಅಕ್ಷರಸ್ಥರು ಈ ಸ್ಥಾನಕ್ಕೆ ಅರ್ಹರು.

ಬೆಂಗಳೂರಿನವರು ನಿಮ್ಹಾನ್ಸ್, ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಗಳ ನೈತಿಕ ಸಮಿತಿಯ ಸದಸ್ಯ ಕಾರ್ಯದರ್ಶಿಗೆ ಸ್ವವಿವರದೊಂದಿಗೆ ಆಸಕ್ತಿಯನ್ನು ಬರೆದು ತಿಳಿಸಬಹುದು. ನೇಮಕವಾದರೆ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿ, ತರಬೇತಿ ಪಡೆಯಬೇಕು.

ನಿಮ್ಮ ನಿಜವಾದ ಕೆಲಸವಿರುವುದು, ಪ್ರಯೋಗಕ್ಕೆ ಒಪ್ಪುವ ರೋಗಿ ಸಹಿ ಹಾಕುವ ಕನ್ನಡದ ಸಮ್ಮತಿ ಪತ್ರದಲ್ಲಿ. ಅದನ್ನು ಗಟ್ಟಿಯಾಗಿ ಓದಿ, ಕೋಲಾರದಿಂದ ಕೂಲಿ ಬಿಟ್ಟು ಬರುವ ರೋಗಿಗೆ ಪ್ರಯಾಣದ ಖರ್ಚನ್ನು ಯಾರು ಕೊಡುತ್ತಾರೆ, ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಯಾರ ಹೊಣೆ, ನಡುವೆ ಹಿಂದೆ ಸರಿದರೂ ಎಂದಿನ ಚಿಕಿತ್ಸೆ ಮುಂದುವರಿಯುತ್ತದೆಯೇ ಎಂಬುದು ಅಲ್ಲಿ ಸ್ಪಷ್ಟವಾಗಿದೆಯೇ ಎಂದು ನೋಡಿ. ತಜ್ಞರ ಎದುರು ಇಂಥ ಪ್ರಶ್ನೆ ಕೇಳಲು ಸಂಕೋಚವಾಗುವುದು ಸಹಜ. ಆದರೆ ರೋಗಿಯ ಪರವಾಗಿ ಕೇಳಲೆಂದೇ ನಿಮ್ಮನ್ನು ಅಲ್ಲಿ ಕೂರಿಸಲಾಗಿದೆ. ಉತ್ತರ ಸಮಾಧಾನ ತರದಿದ್ದರೆ ನಿಮ್ಮ ಭಿನ್ನಾಭಿಪ್ರಾಯವನ್ನು ನಡಾವಳಿಯಲ್ಲಿ ದಾಖಲಿಸುವಂತೆ ಕೋರಿ.