ಯೂರಿನ್ ಬ್ಯಾಗ್ ಬಿಚ್ಚಿಟ್ಟು ಆಲೆಮನೆಗೆ ಬಂದೆ: ನನ್ನ ಅನುಭವ

ಬೆನ್ನುಹುರಿ ಉರಿಯೂತ ಆದವರನ್ನು ಕಂಡರೆ ಎಲ್ಲರೂ ಕೇಳುವುದು ಒಂದೇ, "ಈಗ ನಡೀತೀರಾ?" ಉಚ್ಚೆ ಹೇಗೆ ಹೋಗುತ್ತೆ ಅಂತ ಯಾರೂ ಕೇಳಲ್ಲ. ಮೈಲೈಟಿಸ್ ಅನ್ನೋ ಈ ಉರಿಯೂತ ಆದವರಿಗೆ ಗೊತ್ತು, ಹೊಸಿಲು ದಾಟಲು ಬಿಡದೇ ಇರುವುದು ಕಾಲಿಗಿಂತ ಮೂತ್ರಕೋಶವೇ ಜಾಸ್ತಿ. ನಾನು ಕೋಲು ಹಿಡಿದು ನಿಧಾನಕ್ಕೆ ನಡೆಯುತ್ತೇನೆ. ಎಡಗಾಲಿಗೆ ಪ್ಲಾಸ್ಟಿಕ್ ಸ್ಪ್ಲಿಂಟ್ ಇದೆ. ಆದರೂ ಮದ್ದೂರು ಕಡೆಯ ನಮ್ಮ ಆಲೆಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತು ತೂಕ, ಲೆಕ್ಕ ನೋಡಿಕೊಳ್ಳುತ್ತೇನೆ. ಗಂಟೆ ನೋಡಿಕೊಂಡು ನಾನೇ ಟ್ಯೂಬ್ ಹಾಕಿ ಮೂತ್ರ ತೆಗೆಯುವ ಕ್ರಮ ಕೈಗೆ ಹತ್ತಿದ ಮೇಲೆ ಇದೆಲ್ಲ ಸಾಧ್ಯವಾಯಿತು. ಆಗಲ್ಲ ಅಂದವರೇ ಹೆಚ್ಚು. ಅದಕ್ಕೇ ಬರೆಯುತ್ತಿದ್ದೇನೆ.

ಕಾಯಿಲೆ ಕತೆ ಬೇಗ ಮುಗಿಸುತ್ತೇನೆ. ಪಾದದಲ್ಲಿ ಜೋಮು, ಹೊಟ್ಟೆಗೆ ಬೆಲ್ಟ್ ಬಿಗಿದ ಹಾಗೆ ಹಿಡಿತ, ಆಮೇಲೆ ಕಾಲು ಸೋತವು, ಉಚ್ಚೆ ಕಟ್ಟಿತು. ಊರಲ್ಲಿ ಲಕ್ವ ಅಂದರು. ಎಂಆರ್‌ಐನಲ್ಲಿ ಬೆನ್ನುಹುರಿಯ ಎದೆಭಾಗದ ಎಂಟನೇ ಮಟ್ಟ, ಅಂದರೆ ಟಿ8 ಸುತ್ತ ಬಿಳಿ ಕಲೆ. ಉರಿಯೂತ ಇಳಿಸುವ ಸ್ಟೀರಾಯ್ಡ್ ಮೀಥೈಲ್‌ಪ್ರೆಡ್ನಿಸೊಲೋನ್ ದಿನಕ್ಕೆ 1 ಗ್ರಾಂನಂತೆ 5 ದಿನ ಹೋಯಿತು. ಅದಕ್ಕೆ ಬಗ್ಗಲಿಲ್ಲ. ದಿನ ಬಿಟ್ಟು ದಿನ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ ಬದಲಿಸಿದರು. ದೇಹವೇ ತನ್ನ ನರಗಳ ಮೇಲೆ ತಿರುಗಿಬಿದ್ದಿದೆಯೇ ಎಂದು ನೋಡುವ ರಕ್ತಪರೀಕ್ಷೆಗಳು, ಅಕ್ವಾಪೋರಿನ್-4, ಮಾಗ್, ಎರಡೂ ನೆಗೆಟಿವ್. ಅಕ್ವಾಪೋರಿನ್ ಪಾಸಿಟಿವ್ ಬಂದವರು ಕಾಯಿಲೆ ಮರುಕಳಿಸದ ಹಾಗೆ ವರ್ಷಗಟ್ಟಲೆ ಔಷಧಿ ತೆಗೆದುಕೊಳ್ಳಬೇಕು, ಅವರ ದಾರಿಯೇ ಬೇರೆ. ಇಷ್ಟಾಗುವಾಗ ಮೂರು ಲಕ್ಷದ ಮೇಲೆ ಕರಗಿತ್ತು. ಅರ್ಧದಷ್ಟು ಪ್ಲಾಸ್ಮಾಕ್ಕೇ ಹೋಯಿತು. ಎರಡು ಸೀಮೆಹಸು ಮಾರಿದೆವು, ಹೆಂಡತಿಯ ಸರ ಬ್ಯಾಂಕಿನಲ್ಲಿ ಕೂತಿತು.

ಮನೆಗೆ ಬಂದಾಗ ಜೊತೆಗೆ ಮೂತ್ರಕೋಶದೊಳಗೆ ಸದಾ ಇರುವ ಫೋಲೀಸ್ ಟ್ಯೂಬು, ಕಾಲಿಗೆ ಜೋತುಬಿದ್ದ ಬ್ಯಾಗು. ಅಸಲಿ ಖರ್ಚು ಅಲ್ಲಿಂದ ಶುರು. ಟ್ಯೂಬಿನ ತುದಿಗೆ ಸುಣ್ಣದಂಥದ್ದು ಕಟ್ಟಿ ಬ್ಲಾಕ್ ಆಗುವುದು, ಪಕ್ಕದಿಂದ ಸೋರುವುದು, ಆಮೇಲೆ ಚಳಿಜ್ವರ. ಪ್ರತಿ ಸಲವೂ ಡ್ರಿಪ್, ಇಂಜೆಕ್ಷನ್, ಎಂಟೊಂಬತ್ತು ಸಾವಿರ. ಜ್ವರ ಬಂದಾಗ ಕಾಲು ಮತ್ತೆ ಬಿದ್ದುಹೋದ ಹಾಗಾಗುತ್ತಿತ್ತು. ಕಾಯಿಲೆಯೇ ತಿರುಗಿ ಬಂತೇನೋ ಎಂದು ಮನೆಯವರೆಲ್ಲ ಅಳುವುದು. ಜ್ವರ ಇಳಿದರೆ ಕಾಲು ಮೊದಲಿನ ಸ್ಥಿತಿಗೆ ಬರುತ್ತಿತ್ತು.

ಬ್ಯಾಗ್ ಬಿಡಿಸಲು ಏನೇನೋ ನಡೆಯಿತು. ಟ್ಯೂಬಿಗೆ ಕ್ಲಿಪ್ ಹಾಕಿ ಬಿಚ್ಚಿ 'ಅಭ್ಯಾಸ' ಮಾಡಿಸಿದರು, ಅಭ್ಯಾಸ ಆದದ್ದು ಕ್ಲಿಪ್‌ಗೆ ಮಾತ್ರ. ಹೊರಗಿನಿಂದ ಕಾಂಡೋಮ್ ಹಾಗೆ ತೊಡಿಸುವ ಕಾಂಡೋಮ್ ಕ್ಯಾತಿಟರ್ ಹಾಕಿದರೆ ಹೊರಗೆ ಬಂದದ್ದು ಬ್ಯಾಗಿಗೆ, ಒಳಗೆ ಉಳಿದದ್ದು ಒಳಗೇ. ಸ್ಕ್ಯಾನ್ ಮಾಡಿದರೆ 350 ಮಿಲಿ ನಿಂತಿತ್ತು. ಹೊಟ್ಟೆ ಅದುಮಿ ತೆಗೆಯುವುದನ್ನು ಒಬ್ಬರು ಹೇಳಿಕೊಟ್ಟರು, ಡಾಕ್ಟರ್ ಅದನ್ನು ನಿಲ್ಲಿಸಿದರು. ಯಾಕೆ ಅಂತ ಮೂತ್ರಕೋಶದ ಒತ್ತಡ ಅಳೆಯುವ ಯೂರೋಡೈನಮಿಕ್ಸ್ ಪರೀಕ್ಷೆ ಮಾಡಿಸಿದ ಮೇಲೆ ತಿಳಿಯಿತು. ನನ್ನ ಮೂತ್ರಕೋಶ ತಾನಾಗಿಯೇ ಹಿಂಡುತ್ತೆ, ಅದೇ ಹೊತ್ತಿಗೆ ಕೆಳಗಿನ ಬಾಯಿ ಬಿಗಿದುಕೊಳ್ಳುತ್ತೆ. ಒತ್ತಡವೆಲ್ಲ ಕಿಡ್ನಿ ಕಡೆಗೆ. ಮೇಲಿಂದ ಅದುಮಿದರೆ ಕಿಡ್ನಿಯನ್ನು ಕೈಯಾರೆ ಹಾಳು ಮಾಡಿಕೊಂಡ ಹಾಗೆ. ಆ ಪರೀಕ್ಷೆಗೆ ಐದಾರು ಸಾವಿರ ಆಯಿತು. ಇಡೀ ಕಾಯಿಲೆಯಲ್ಲಿ ನನಗೆ ದಂಡ ಅನ್ನಿಸದ ದುಡ್ಡು ಅದೊಂದೇ.

ಉಳಿದದ್ದು ಒಂದೇ ದಾರಿ, ಹೊತ್ತಿಗೆ ಸರಿಯಾಗಿ ನಾನೇ ಟ್ಯೂಬ್ ಹಾಕಿ ಖಾಲಿ ಮಾಡಿ ತೆಗೆದುಬಿಡುವುದು. ಅದನ್ನು ಒಬ್ಬ ಸಿಸ್ಟರ್ ಕಲಿಸಿದರು. "ಕೈ ಚೆನ್ನಾಗಿದೆ, ಕಣ್ಣು ಚೆನ್ನಾಗಿದೆ, ಮತ್ತೇನು ಬೇಕು ನಿಮಗೆ?" ಅಂದರು. ಮನೆಗೆ ಬಂದರೆ ಸೋದರಮಾವ ಶುರು ಮಾಡಿದರು. "ದಿನಕ್ಕೈದು ಸಲ ಪೈಪ್ ತೂರಿಸ್ಕೊಂಡ್ರೆ ಒಳಗೆಲ್ಲ ಗಾಯ ಆಗಲ್ವೇನ್ಲಾ? ಬ್ಯಾಗೇ ವಾಸಿ ಕಣ್ಲಾ." ಪರಿಚಯದ ಕಾಂಪೌಂಡರ್ ಕೂಡ ಹಳ್ಳಿ ಧೂಳಲ್ಲಿ ಇದು ಆಗೋ ಕೆಲಸ ಅಲ್ಲ ಅಂದ. ಈಗ ಅವನೇ ಬೇರೆಯವರನ್ನು ನನ್ನ ಹತ್ತಿರ ಕಳಿಸುತ್ತಾನೆ, ಆ ಮಾತು ಇರಲಿ.

ಪೂರ್ತಿ ಕ್ರಮವನ್ನು ಕಲಿಸುವವರೇ ತೋರಿಸಬೇಕು. ನಾನು ಒಂದೆರಡು ಮಾತ್ರ ಹೇಳುತ್ತೇನೆ. ನೆಲಾಟಾನ್ ಅನ್ನೋ ಸಾದಾ ಟ್ಯೂಬಿನಲ್ಲಿ 12 ನಂಬರು (ದಪ್ಪದ ಅಳತೆ) ನನಗೆ ಮೆತ್ತಗಾಯಿತು, ಬಿಗಿ ಜಾಗದಲ್ಲಿ ಬಾಗುತ್ತಿತ್ತು. 14ಕ್ಕೆ ಬಂದ ಮೇಲೆ ಸಲೀಸು. ಜೆಲ್ಲಿ ಹಚ್ಚುವುದರಲ್ಲಿ ಜಿಪುಣತನ ಬೇಡ. ಟ್ಯೂಬ್ ಮುಕ್ಕಾಲು ಹೋದಾಗ ಒಂದು ಕಡೆ ತಡೆಯುತ್ತೆ ಅಲ್ವಾ, ಅಲ್ಲಿ ಒತ್ತಬೇಡಿ. ಹಾಗೇ ಹಿಡಿದುಕೊಂಡು ಉಸಿರು ಬಿಡಿ, ಒಮ್ಮೆ ಕೆಮ್ಮಿ, ಕಾಯಿರಿ. ಬಿಗಿತ ಸಡಿಲವಾದಾಗ ಬೆರಳಿಗೇ ಗೊತ್ತಾಗುತ್ತೆ, ಟ್ಯೂಬ್ ತಾನಾಗಿ ಜಾರುತ್ತೆ. ಮೂತ್ರ ನಿಂತ ತಕ್ಷಣ ಎಳೆದುಬಿಡುವವರೇ ಜಾಸ್ತಿ. ಒಂದೊಂದು ಬೆರಳಗಲ ಹಿಂದಕ್ಕೆ ತಂದು ನಿಲ್ಲಿಸಿ. ಇನ್ನೂ 30, 40 ಮಿಲಿ ಬರುತ್ತೆ. ಸೋಂಕು ಮನೆ ಮಾಡುವುದು ಆ ಉಳಿಕೆಯಲ್ಲೇ.

ಹೊತ್ತು ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಬಂದದ್ದನ್ನು ಅಳತೆ ಮಗ್ಗಿನಲ್ಲಿ ನೋಡಿ ಆಲೆಮನೆಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯುತ್ತಿದ್ದೆ. ಮುಂದೆ ಕಬ್ಬಿನ ಟನ್, ಹಿಂದೆ ನನ್ನ ಮಿಲಿ. ಒಂದು ಸಲಕ್ಕೆ 400ರ ಒಳಗೆ ಇರಬೇಕು. 500 ಕಂಡರೆ ನೀರು ಕುಡಿದ ಲೆಕ್ಕ ತಪ್ಪಿದೆ ಎಂದರ್ಥ. ದಿನಕ್ಕೆ ಸುಮಾರು ಎರಡು ಲೀಟರ್ ಕುಡಿಯುತ್ತೇನೆ, ಒಂದೇ ಸಲಕ್ಕೆ ಗಟಗಟ ಅಲ್ಲ. ಮಜ್ಜಿಗೆ, ಎಳನೀರು, ಗಿರಾಕಿ ಜೊತೆ ಕುಡಿಯುವ ಕಬ್ಬಿನಹಾಲು ಎಲ್ಲವೂ ಲೆಕ್ಕಕ್ಕೆ. ಟಿ6 ಅಥವಾ ಅದಕ್ಕಿಂತ ಮೇಲೆ ಏಟು ಇರುವವರು ಹೊತ್ತಿನ ವಿಷಯದಲ್ಲಿ ಆಟ ಆಡಬೇಡಿ. ಮೂತ್ರಕೋಶ ತುಂಬಿದರೆ ಬಿಪಿ ಒಮ್ಮೆಲೇ ಏರುತ್ತೆ. ತಲೆ ಸಿಡಿಯುವುದು, ಮುಖ ಬೆವರುವುದು ಕಂಡರೆ ಎದ್ದು ಕೂತು ಮೊದಲು ಖಾಲಿ ಮಾಡಿ. ಆಗಲೂ ಇಳಿಯದಿದ್ದರೆ ಆಸ್ಪತ್ರೆಗೆ ಓಡಿ.

ರಾತ್ರಿ ಮೂರಕ್ಕೆ ಹಾಸಿಗೆ ಒದ್ದೆಯಾಗುತ್ತಿತ್ತು. ರಾತ್ರಿ ನೀರು ಕಡಿಮೆ ಮಾಡಿದರೂ ನಿಲ್ಲಲಿಲ್ಲ. ಪುಸ್ತಕ ನೋಡಿದಾಗ ಹಗಲಿಗಿಂತ ರಾತ್ರಿಯ ಮೂತ್ರವೇ ಜಾಸ್ತಿ ಇತ್ತು. ಹಗಲೆಲ್ಲ ಕುರ್ಚಿಯಲ್ಲಿ ಕೂತು ಪಾದಕ್ಕೆ ಇಳಿದ ನೀರು, ಮಲಗಿದ ಮೇಲೆ ಕಿಡ್ನಿಗೆ ಬರುತ್ತೆ. ಈಗ ಸಂಜೆ ಒಂದು ಗಂಟೆ ರಚ್ಚಿನ (ಕಬ್ಬಿನ ಸಿಪ್ಪೆಯ) ಮೂಟೆ ಮೇಲೆ ಕಾಲು ಎತ್ತಿಟ್ಟು ಮಲಗುತ್ತೇನೆ. ಆ ನೀರು 10 ಗಂಟೆ ಒಳಗೇ ಹೊರಬೀಳುತ್ತೆ. ಸೋಂಬೇರಿ ಅಂತ ಆಳುಗಳು ನಗುತ್ತಾರೆ, ನಗಲಿ. ಮೂತ್ರಕೋಶ ಹಿಂಡುವುದನ್ನು ತಗ್ಗಿಸುವ ಮಾತ್ರೆ ಕೂಡ ಬದಲಾಯಿತು. ಆಕ್ಸಿಬ್ಯುಟಿನಿನ್ ಬಾಯಿ ಒಣಗಿಸಿತು, ಮಲ ಕಟ್ಟಿಸಿತು. ಡಾಕ್ಟರ್ ಬೇರೆ ಬರೆದುಕೊಟ್ಟರು, ದುಬಾರಿ, ಆದರೆ ಹೊಂದಿಕೊಂಡಿತು.

ದುಡ್ಡಿನ ಮಾತಿಗೆ ಬರೋಣ. ಜಾರುವ ಲೇಪನ ಇರುವ ಟ್ಯೂಬಿಗೆ ಒಂದಕ್ಕೆ ನೂರೈವತ್ತರಂತೆ ಹಿಡಿದರೂ ತಿಂಗಳಿಗೆ ಇಪ್ಪತ್ತು ಸಾವಿರ ದಾಟುತ್ತೆ. ನಮ್ಮಂಥವರಿಗೆ ಆಗದ ಮಾತು. ಸಾದಾ ನೆಲಾಟಾನ್ ಮೂವತ್ತು ರೂಪಾಯಿ ಆಸುಪಾಸು. ನನ್ನ ಡಾಕ್ಟರ್ ಒಮ್ಮೆ ಬಳಸಿ ಬಿಸಾಡಿ ಎಂದೇ ಹೇಳುತ್ತಾರೆ. ಹೊರಗೆ ಹೋದಾಗ ಹಾಗೇ ಮಾಡುತ್ತೇನೆ. ಮನೆಯಲ್ಲಿ ಸೋಪಿನ ನೀರಲ್ಲಿ ಒಳಗೂ ಹೊರಗೂ ತೊಳೆದು, ನಲ್ಲಿ ನೀರು ಹಾಯಿಸಿ, ಪೂರ್ತಿ ಒಣಗಿಸಿ, ವಾರದೊಳಗೆ ಬಿಸಾಡುತ್ತೇನೆ. ಒಣಗದೆ ಡಬ್ಬಿಗೆ ಹಾಕಿದರೆ ಕೆಟ್ಟಿತು ಅಂತಲೇ ಲೆಕ್ಕ. ಕುದಿಸಿಯೂ ನೋಡಿದೆ. ಟ್ಯೂಬ್‌ಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡು, ಪಾತ್ರೆ ಕೂಡ ಹಾಳಾಯಿತು. ಈಗ ಜೆಲ್ಲಿ, ಸೋಪು ಎಲ್ಲ ಸೇರಿ ತಿಂಗಳಿಗೆ ಸಾವಿರದ ಐನೂರು, ಹೆಚ್ಚೆಂದರೆ ಎರಡು ಸಾವಿರ.

ಮೂತ್ರದಲ್ಲಿ ರೋಗಾಣು ಬೆಳೆಸಿ ನೋಡುವ ಕಲ್ಚರ್ ರಿಪೋರ್ಟಿನ ಕಾಟ ಬೇರೆ. ಟ್ಯೂಬ್ ಹಾಕುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇರುತ್ತೆ. ರಿಪೋರ್ಟ್ ನೋಡಿದ ಕೂಡಲೇ ಆಂಟಿಬಯೋಟಿಕ್ ನುಂಗುತ್ತಾ ಹೋದರೆ ಕೊನೆಗೆ ಯಾವುದೂ ನಾಟದ ಹಾಗಾಗುತ್ತೆ. ಜ್ವರ, ಚಳಿ, ಕಾಲು ಇದ್ದಕ್ಕಿದ್ದಂತೆ ಜಾಸ್ತಿ ಸೆಟೆಯುವುದು, ಹೊಸದಾಗಿ ಸೋರುವುದು, ಇವು ಕಂಡರೆ ಮಾತ್ರ ಡಾಕ್ಟರ್ ಹತ್ತಿರ ಹೋಗುತ್ತೇನೆ. ಹತ್ತಿರ ಹತ್ತಿರ ಎರಡು ವರ್ಷ ಆಯಿತು, ಮೂತ್ರದ ಸೋಂಕಿಗೆ ಅಡ್ಮಿಟ್ ಆಗಿಲ್ಲ. ಇದನ್ನು ಹೇಳುವಾಗ ಸ್ವಲ್ಪ ಎದೆ ಉಬ್ಬಿಸುತ್ತೇನೆ, ಕ್ಷಮಿಸಿ.

ಸೆಕೆಯ ಮೇಲೂ ಪ್ರಯೋಗ ನಡೆಸಿದ್ದೇನೆ. ಕೊಪ್ಪರಿಗೆ ಹತ್ತಿರ ಅರ್ಧ ಗಂಟೆ ಕೂತರೆ ನನ್ನ ಕಾಲು ಏಳುವುದಿಲ್ಲ. ಉರಿಯೂತ ಹಾಯ್ದುಹೋದ ನರ ಮೈ ಕಾವೇರಿದಾಗ ಸುದ್ದಿ ಸರಿಯಾಗಿ ಸಾಗಿಸುವುದಿಲ್ಲ, ತಣ್ಣಗಾದರೆ ಮತ್ತೆ ಸರಿ. ಒದ್ದೆ ಟವೆಲ್ ಕತ್ತಿಗೆ ಹಾಕಿದೆ, ಫ್ಯಾನ್ ಇಟ್ಟೆ, ಬನಿಯನ್ ನೆನೆಸಿ ಹಾಕಿದೆ. ಬನಿಯನ್ನೇ ಗೆದ್ದಿತು. ಕುರ್ಚಿಯನ್ನೂ ಗಾಳಿ ಬರುವ ಮೂಲೆಗೆ ಸರಿಸಿದೆ. ಪಾದಕ್ಕೆ ಬಿಸಿ ತಿಳಿಯುವುದಿಲ್ಲ, ಆದ್ದರಿಂದ ಒಲೆ ಕಡೆ ಶೂ ಇಲ್ಲದೆ ಹೋಗುವುದಿಲ್ಲ, ರಾತ್ರಿ ಕನ್ನಡಿ ಹಿಡಿದು ಪಾದ ನೋಡುತ್ತೇನೆ. ಮಲದ ಸಮಸ್ಯೆಗೆ ಬೆಳಿಗ್ಗೆ ಬಿಸಿ ಕಾಫಿ ಕುಡಿದು ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಕೂರುವುದು ರೂಢಿಯಾಗಿದೆ, ಬಂದರೂ ಬರದಿದ್ದರೂ. ಅವ್ವನ ಹರಕೆ ಅಂತ ಕುಕ್ಕೆಗೂ ಹೋಗಿಬಂದೆ. ಆ ದಾರಿಯಲ್ಲೇ ಬಸ್ಸಿನಲ್ಲಿ ಮೂತ್ರ ತೆಗೆಯುವ ಉಪಾಯ ಹೊಳೆದದ್ದು. ಅದನ್ನು ಇಲ್ಲಿ ಬರೆಯಲ್ಲ. ಪ್ಯಾಂಟನ್ನು ಟೈಲರ್ ಹತ್ತಿರ ಹೇಗೆ ಹೊಲಿಸಿದೆ ಅನ್ನುವುದನ್ನೂ ಅಷ್ಟೇ, ಎದುರಿಗೆ ಸಿಕ್ಕಾಗ ತೋರಿಸುತ್ತೇನೆ.

ವರ್ಷಕ್ಕೊಮ್ಮೆ ಕಿಡ್ನಿ ಸ್ಕ್ಯಾನ್, ಕಿಡ್ನಿ ಕೆಲಸ ನೋಡುವ ಕ್ರಿಯಾಟಿನಿನ್ ರಕ್ತಪರೀಕ್ಷೆ ತಪ್ಪಿಸುವುದಿಲ್ಲ. ಬಲಗಡೆ ಕಿಡ್ನಿಯಲ್ಲಿ ಮೊದಲು ಸ್ವಲ್ಪ ಊತ ಇತ್ತು, ಹೋದ ಸಲ ಇರಲಿಲ್ಲ. ಮೂತ್ರಕೋಶಕ್ಕೆ ಬೊಟಾಕ್ಸ್ ಇಂಜೆಕ್ಷನ್ ಹಾಕಿಸಿದರೆ ಮಾತ್ರೆ ಬಿಡಬಹುದು ಎಂದು ಡಾಕ್ಟರ್ ಹೇಳುತ್ತಿದ್ದಾರೆ. ತಿಂಗಳುಗಟ್ಟಲೆ ಇರುತ್ತಂತೆ, ಆಮೇಲೆ ಮತ್ತೆ ಹಾಕಿಸಬೇಕು. ಬೆಲ್ಲದ ರೇಟು ಈ ಸಲ ನಿಂತರೆ ನೋಡೋಣ ಅಂದಿದ್ದೇನೆ.